ಕಟ್ಟೆಯ ಇನ್ನೊಂದು ಮಗ್ಗುಲು

ನಮ್ಮೂರಿಗೆ ಹೆಣ್ಣು ಕೊಡಲು ಬಂದವರು ಹುಡುಗನ ಸಂಬಳ, ಸ್ವಭಾವ, ಕುಡಿತ ಎಲ್ಲ ವಿಚಾರಿಸಿಕೊಂಡ ಮೇಲೆ, ಕಾಫಿ ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಇನ್ನೊಂದು ಮಾತು ಕೇಳೇ ಕೇಳುತ್ತಾರೆ. "ಹುಡುಗಂದು ಆಗಿದ್ಯಾ, ಉಳಿದಿದ್ಯಾ?" ಉಳಿದಿದೆ ಅಂದರೆ ಹುಡುಗ ತಾಳ್ಮೆಯವನು ಎಂದು ಅರ್ಥ. ಕೇಳುವುದು ಕಟ್ಟೆಯ ವಿಷಯ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಎದೆಮಟ್ಟದ ಒಂದು ಕಲ್ಲುಕಟ್ಟೆ ಇದೆ. ಅದರ ಮೇಲೆ ಕಾಲಿಟ್ಟ ಕ್ಷಣವೇ ಅದು ನಮ್ಮನ್ನು ಎತ್ತುತ್ತದೆ. ತೆಂಗಿನ ಮರದ ತಲೆಯ ಮಟ್ಟಕ್ಕೆ ಹೋಗಿ, ಒಲೆ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತು ಅಲ್ಲೇ ನಿಂತು, ಮೆಲ್ಲಗೆ ಇಳಿಯುತ್ತೇವೆ. ಕಾಲಿಡುವಾಗ ಮುಖ ಯಾವ ಕಡೆಗಿತ್ತೋ ಇಳಿಯುವ ತನಕ ಅದೇ ಕಡೆ. ಕತ್ತು ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ಹೊರಳುವುದಿಲ್ಲ. ಒಬ್ಬರಿಗೆ ಒಂದೇ ಸಲ. ಆಮೇಲೆ ಅವರ ಪಾಲಿಗೆ ಅದು ಬರೀ ಕಲ್ಲು, ಕೂತು ಕಡಲೆಕಾಯಿ ತಿನ್ನಬಹುದು.

ಇಂಥದ್ದನ್ನು ಇಟ್ಟುಕೊಂಡು ನಾವೇನು ಮಾಡಿದ್ದೇವೆ ಅಂತೀರಿ? ಹಾಳು ಮಾಡಿಕೊಂಡಿದ್ದೇವೆ. ಪುಟ್ಟಮಾದ ಕೋಳಿ ಅಟ್ಟಿಸಿಕೊಂಡು ಮೆಟ್ಟಿಲು ಹತ್ತಿ, ಕೋಳಿ ಕೆಳಗೇ ಉಳಿದು ತಾನೊಬ್ಬನೇ ಮೇಲೆ ಹೋದ. ಊರಿನವನೇ ಒಬ್ಬ ಕಳ್ಳ ಹಿತ್ತಾಳೆ ಹಂಡೆ ಹೊತ್ತು ಓಡುವಾಗ ಗೊತ್ತಿಲ್ಲದೆ ಹತ್ತಿ, ಹಂಡೆ ಸಮೇತ ಗಾಳಿಯಲ್ಲಿ ನಿಂತುಬಿಟ್ಟ. ಪೊಲೀಸರು ಕೆಳಗೆ ಬೀಡಿ ಹಚ್ಚಿಕೊಂಡು ಕಾದರು. ನನ್ನದು ಮದುವೆಯ ಮಾರನೇ ದಿನ ಆಯಿತು. ಹೊಸ ರೇಷ್ಮೆ ಸೀರೆ, ಕೆಳಗೆ ಎರಡೂ ಕಡೆಯ ನೆಂಟರು, ಫೋಟೋದವನು ಬೇರೆ. ಮೇಲೆ ಹೋದದ್ದೇ ಸೀರೆ ಉಬ್ಬಿತು. ಅಷ್ಟು ಹೊತ್ತೂ ಎರಡು ಕೈಯಲ್ಲಿ ಸೀರೆ ಒತ್ತಿ ಹಿಡಿದುಕೊಂಡೇ ಇಳಿದೆ. ಎದುರಿಗಿದ್ದ ಟಾಕೀಸಿನ ಎತ್ತರದ ಹಿಂಗೋಡೆಯನ್ನು ಮಾತ್ರ ಕಂಡೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಾನು ಟೈಲರ್ ಗಂಗಾಂಬಿಕೆ. ಊರಿನ ಅರ್ಧ ಹೆಂಗಸರ ರವಿಕೆ ಅಳತೆ ನನ್ನ ಬಾಯಲ್ಲಿದೆ, ಬಾಯಿ ಜೋರು ಅಂತಲೂ ಹೆಸರಿದೆ. ನಮ್ಮನೆಯವರು ಲಾರಿ ಮೇಲೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ; ಮನೆಯಲ್ಲಿ ನಾನು, ನಮ್ಮತ್ತೆ ಈರಾಜಮ್ಮ, ಮತ್ತು ನಮ್ಮಿಬ್ಬರ ಜಗಳ. ಅತ್ತೆಯದು ಇನ್ನೂ ಉಳಿದಿತ್ತು. ಹೋಗಲು ಇಷ್ಟವಿಲ್ಲ ಅಂತಲ್ಲ. ಹೋದಾಗಲೆಲ್ಲ ಸುತ್ತ ಜನ ಸೇರಿ "ಹತ್ತಜ್ಜಿ! ಹತ್ತು! ಇಲ್ ನೋಡು!" ಎಂದು ಕಿರುಚುವುದಕ್ಕೆ ಗಾಬರಿಬಿದ್ದು ವಾಪಸು ಬಂದುಬಿಡುತ್ತಿದ್ದರು. ನಮ್ಮ ಮಾವ ಉಳಿಸಿಕೊಂಡೇ ತೀರಿಹೋದವರು. ಹಾಗೆ ಹೋದವರ ಹೆಣವನ್ನು ಸುಡುವ ಮೊದಲು ಒಂದು ಗಳಿಗೆ ಕಟ್ಟೆಯ ಮೇಲೆ ಮಲಗಿಸುವುದು ನಮ್ಮೂರ ಪದ್ಧತಿ. ಕಟ್ಟೆ ಹೆಣ ಎತ್ತುವುದಿಲ್ಲ, ಎಲ್ಲರಿಗೂ ಗೊತ್ತು. ಆದರೂ ಮಲಗಿಸಿ, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಅವತ್ತು ಅತ್ತೆ ನನ್ನ ತೋಳು ಹಿಡಿದುಕೊಂಡು ಹೇಳಿದ್ದರು, "ನನ್ನ ಹಿಂಗೆ ತಂದು ಮಲಗಿಸಬ್ಯಾಡ ಕಣೆ." ಈಚೆಗೆ ಡಾಕ್ಟರು ಅವರ ಎದೆ ಮೇಲೆ ಕೊಳವೆ ಇಟ್ಟು ಕೇಳಿ, ನನ್ನನ್ನು ಹೊರಗೆ ಕರೆದು, ಆಸೆಗಳೇನಾದರೂ ಇದ್ದರೆ ಬೇಗ ತೀರಿಸಿ ಅಂದಿದ್ದರು.

ಇಂಥ ಹೊತ್ತಲ್ಲಿ ನಮ್ಮ ಪುರಸಭೆ ಅಧ್ಯಕ್ಷರ ತಾಯಿ ಕಣ್ಣು ಮುಚ್ಚಿಕೊಂಡೇ ಏರಿ, ಕಣ್ಣು ಮುಚ್ಚಿಕೊಂಡೇ ಇಳಿದು, ಮಗನಿಗೆ ಎಲ್ಲರೆದುರು ಮಂಗಳಾರತಿ ಎತ್ತಿದರು. "ಒಂದು ಹಿಡಕಳಕ್ಕಿಲ್ಲ, ಒಬ್ಬರು ಹೇಳೋರಿಲ್ಲ, ಏನ್ ಅಧ್ಯಕ್ಷನೋ ನೀನು!" ಅವಮಾನ ತಡೆಯಲಾರದೆ ಅಧ್ಯಕ್ಷರು ನಗರದಿಂದ ಒಬ್ಬಾಕೆಯನ್ನು ಕರೆಸಿದರು. ಯಾಮಿನಿ ಅಂತ ಹೆಸರು. ಆಸ್ಪತ್ರೆಯ ಕೌಂಟರು, ಬ್ಯಾಂಕಿನ ಆ್ಯಪು, ರೈಲಿನ ಟಿಕೆಟ್ ಯಂತ್ರ, ಇಂಥವನ್ನೆಲ್ಲ ಬಳಸುವವರಿಗೆ ಸಲೀಸಾಗುವ ಹಾಗೆ ತಿದ್ದುವುದು ಅವಳ ಕೆಲಸ. ಅದಕ್ಕೆ ಡಿಸೈನ್ ಸ್ಪ್ರಿಂಟ್ ಅಂತಾರಂತೆ: ಒಂದು ಚಿಕ್ಕ ತಂಡ, ಒಂದೇ ಒಂದು ವಾರ. ಸೋಮವಾರ ಜನರನ್ನು ಕೇಳುವುದು, ಆಮೇಲೆ ಚಿತ್ರ ಬರೆಯುವುದು, ಆರಿಸುವುದು, ಕೈಗೆ ಸಿಕ್ಕಿದ್ದರಲ್ಲಿ ಒಂದು ಮಾದರಿ ಕಟ್ಟುವುದು, ಶುಕ್ರವಾರ ನಿಜವಾಗಿ ಬಳಸುವವರ ಕೈಲಿ ಬಳಸಿಸಿ ನೋಡುವುದು. ತಂಡಕ್ಕೆ ಡ್ರಾಯಿಂಗ್ ಮೇಷ್ಟ್ರು ಷಡಕ್ಷರಿ, ಕಟ್ಟೆ ಕಾಯುವ ಮುದ್ದಯ್ಯ, ಮತ್ತು ನಾನು. ನನ್ನನ್ನೇಕೆ ಸೇರಿಸಿದರು ಅಂದರೆ, ಅಧ್ಯಕ್ಷರ ಹೆಂಡತಿ ರವಿಕೆ ಕೊಡಲು ಬಂದಾಗ ಟಾಕೀಸಿನ ಗೋಡೆಯ ಕಥೆ ಹೇಳಿ ಅವರ ಕಿವಿ ತೂತು ಮಾಡಿದ್ದೆ.

ಬಂದ ದಿನವೇ ಯಾಮಿನಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ನಿಂತಳು. ಇಲ್ಲಿ ಹುಟ್ಟಿದವರನ್ನು, ಇಲ್ಲಿಗೆ ಮದುವೆಯಾಗಿ ಬಂದವರನ್ನು ಬಿಟ್ಟು ಹೊರಗಿನವರನ್ನು ಅದು ಎತ್ತುವುದಿಲ್ಲ. ಹೇಳಿದ್ದೆವು, ಆದರೂ ನಿಂತಳು, ಕಣ್ಣರಳಿಸಿ ಕಾದಳು. ಆಮೇಲೆ ನಗುತ್ತಾ ಇಳಿದಳು. ನಗು ಸ್ವಲ್ಪ ಬಾಡಿತ್ತು. ಅದೇ ಹೊತ್ತಿಗೆ ಸೊಪ್ಪು ಮಾರುವ ರಂಗಿಯ ಮಗಳು ಏರಲು ಬಂದಳು. ಹುಡುಗಿ ಕಾಲಿಟ್ಟಳು, ಜಡೆ ಹಗೂರಕ್ಕೆ ಮೇಲೆದ್ದಿತು, ಹೆಬ್ಬೆರಳು ಕಲ್ಲು ಬಿಟ್ಟಿತು. ಎಷ್ಟು ಸಲ ಕಂಡಿದ್ದರೂ ಆ ಹೆಬ್ಬೆರಳು ಕಲ್ಲು ಬಿಡುವ ಗಳಿಗೆಗೆ ನನ್ನ ಎದೆ ಧಸಕ್ಕೆನ್ನುತ್ತದೆ. ಯಾಮಿನಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಅಕ್ಕಾ, ಇದನ್ನ ದಿನಾ ನೋಡ್ತೀರಾ ನೀವು?" ಅಂದಳು. "ದಿನಾ ಎಲ್ಲಿ, ನಮಗೂ ಕೆಲಸ ಇಲ್ವಾ?" ಅಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು.

ಶಾಲೆಯ ಒಂದು ಕೋಣೆ ನಮಗೆ ಕೊಟ್ಟಿದ್ದರು. ಗೋಡೆಯ ತುಂಬಾ ಬಣ್ಣದ ಚೀಟಿ. ಕೇಳಿದ್ದು, ಕಂಡದ್ದು, ತೋಚಿದ್ದು ಎಲ್ಲವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಅಂಟಿಸಬೇಕು, ಯಾರೂ ಯಾರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ಮುದ್ದಯ್ಯ ಮೊದಲ ದಿನ ಪೂರ್ತಿ ಸೆಟೆದುಕೊಂಡೇ ಇದ್ದರು. "ನಮ್ಮಪ್ಪನ ಕಾಲದಿಂದ ಕಾಯ್ತಾ ಇದೀವಿ, ಈಗ ಚೀಟಿ ಅಂಟಿಸಿ ನೆಟ್ಟಗಾಗಬೇಕಾ?" ಎಂದು ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಚೀಟಿ ಬರೆದವರೂ ಅವರೇ. ಕೂಗುವವರ ಬಾಯಿ ಮುಚ್ಚಿಸಲು ಸೀಟಿ ಬೇಕು ಎಂಬುದು ಅವರದು. ಮೇಷ್ಟ್ರಿಗೆ ಬೋರ್ಡು ಬರೆಯುವ ಆಸೆ. ನಾನು ಪಾದದ ಹತ್ತಿರ ಲಾಡಿ ಬಿಗಿಯುವ ಒಂದು ಲಂಗದ ಚಿತ್ರ ಬರೆದೆ. ಯಾಮಿನಿ ಓಟು ಹಾಕಲು ಅಂಟಿಸುವ ಚುಕ್ಕಿಗಳನ್ನು ತರಲು ಮರೆತಿದ್ದಳು. ನಾನು ಅಂಗಡಿಯಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆಗಳನ್ನು ತಂದುಕೊಟ್ಟೆ. ಮೇಷ್ಟ್ರು ಬೊಟ್ಟು ಹಿಡಿದುಕೊಂಡು ಸಂಕೋಚದಲ್ಲಿ ನಿಂತಿದ್ದರೆ ಮುದ್ದಯ್ಯ ತಮ್ಮ ಪಾಲಿನ ಅಷ್ಟೂ ಬೊಟ್ಟನ್ನು ತಮ್ಮ ಸೀಟಿಗೇ ಅಂಟಿಸಿ ಮುಗಿಸಿದ್ದರು.

ಆದರೆ ಯಾಮಿನಿಗೆ ಸಮಾಧಾನ ಇರಲಿಲ್ಲ. ಊರಿನವರನ್ನು ಎಷ್ಟು ಕೇಳಿದರೂ ಬಂದ ಉತ್ತರ ಒಂದೇ, "ಚೆನ್ನಾಗಿತ್ತು." ಏನು ಚೆನ್ನಾಗಿತ್ತು ಅಂದರೆ, "ಅದೇ, ಚೆನ್ನಾಗಿತ್ತು." ಮಂಗಳವಾರ ಅವಳು ಹೊಸ ಉಪಾಯ ಹೂಡಿದಳು. ಬಾಯಲ್ಲಿ ಹೇಳಬೇಡಿ, ಮೇಲೆ ಕಂಡದ್ದರ ಚಿತ್ರ ಬರೆಯಿರಿ ಎಂದು ಹಾಳೆ, ಪೆನ್ಸಿಲ್ ಕೊಟ್ಟಳು. ನಾವು ಬರೆದೆವು, ಶಾಲೆಯ ಮುಂದೆ ಹೋಗುವವರನ್ನೆಲ್ಲ ಕರೆದು ಬರೆಸಿದೆವು. ಪುಟ್ಟಮಾದ ಬರೆದ, ಅಡುಗೆಯವರು ಬರೆದರು, ಅಂಚೆಯವರು ಬರೆದರು. ಎಲ್ಲವನ್ನೂ ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿದೆವು. ಎಲ್ಲದರಲ್ಲೂ ಟಾಕೀಸಿನ ಹಿಂಗೋಡೆ! ಯಾರ ಹಾಳೆ ನೋಡಿದರೂ ಅದೇ ಕಿತ್ತುಹೋದ ಗಾರೆ, ಅದೇ ಬಿರುಕು, ಬಿರುಕಿನಲ್ಲಿ ಅದೇ ಅರಳಿ ಗಿಡ. ಟಾಕೀಸು ಕಟ್ಟುವುದಕ್ಕಿಂತ ಮುಂಚೆ ಏರಿದ್ದ ಒಬ್ಬ ತಾತ ಮಾತ್ರ ಹುಣಸೆ ತೋಪು ಬರೆದಿದ್ದ. ತೋಪು ಇದ್ದದ್ದೂ ಅದೇ ಜಾಗದಲ್ಲಿ.

"ಈ ಊರಲ್ಲಿ ನೋಡಕ್ಕೆ ಇದೊಂದೇ ಗೋಡೆನಾ ಇರೋದು?" ಅಂದಳು ಯಾಮಿನಿ. ಅವಳು ಚುಚ್ಚಿ ಕೇಳಿದ್ದಲ್ಲ, ಪಾಪ, ಗೊತ್ತಿಲ್ಲದೆ ಕೇಳಿದ್ದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೆಟ್ಟಿಲು ಇರೋದು ಪಶ್ಚಿಮಕ್ಕಲ್ವಾ. ಹತ್ತುವಾಗ ಮುಖ ಪೂರ್ವಕ್ಕೇ ಇರುತ್ತೆ."

"ಬೇರೆ ಕಡೆಯಿಂದ ಹತ್ತಿದ್ರೆ?"

"ಅಯ್ಯೋ ಹಂಗೆಲ್ಲ ಹತ್ತಂಗಿಲ್ಲ!" ಎಂದರು ಮುದ್ದಯ್ಯ.

"ಯಾರು ಹೇಳಿದ್ದು ಮುದ್ದಯ್ಯನೋರೇ?"

ಮುದ್ದಯ್ಯ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ನನ್ನ ಕಡೆ ತಿರುಗಿದರು. ಹೇಳಿದವರು ಯಾರೂ ಇರಲಿಲ್ಲ. ಎಂದೋ ಯಾರೋ ಒಂದು ಕಡೆ ಮೆಟ್ಟಿಲು ಕಟ್ಟಿದರು, ನಾವು ಮೆಟ್ಟಿಲು ಇದ್ದ ಕಡೆಯಿಂದ ಹತ್ತಿದೆವು, ಅಷ್ಟೇ. ಉತ್ತರ, ಪೂರ್ವಕ್ಕೆ ಲಂಟಾನ ಬೆಳೆದಿತ್ತು. ದಕ್ಷಿಣದ ಮಗ್ಗುಲಿಗೆ ಮುದ್ದಯ್ಯ ದಿನಾ ತಮ್ಮ ಸೈಕಲ್ ಒರಗಿಸುತ್ತಿದ್ದರು. ನಾವೆಲ್ಲ ಎದ್ದು ಕಟ್ಟೆಯ ಹತ್ತಿರ ಹೋಗಿ, ಏನೋ ಹೊಸದಾಗಿ ನೋಡುವವರಂತೆ ಸುತ್ತ ಒಂದು ಸುತ್ತು ಬಂದೆವು. ಹುಟ್ಟಿದ ಊರು ಅದು ನನಗೆ. ನಾನು ಆ ಕಟ್ಟೆಯನ್ನು ಪೂರ್ತಿ ಸುತ್ತಿ ಬಂದದ್ದು ಅವತ್ತೇ ಮೊದಲು.

ಬುಧವಾರ ಬೊಟ್ಟುಗಳೆಲ್ಲ ಒಂದೇ ಚೀಟಿಗೆ ಬಿದ್ದವು. ಏರುವವರಿಗೆ ಯಾವ ಕಡೆ ನೋಡಬೇಕೋ ಆ ಕಡೆ ಮುಖ ಮಾಡಿ ಹತ್ತಲಿ. ಮುದ್ದಯ್ಯ ಕೂಡ ಸೀಟಿಯ ಮೇಲಿಂದ ಒಂದು ಬೊಟ್ಟು ಕಿತ್ತು ತಂದು ಅಲ್ಲಿಗೆ ಅಂಟಿಸಿದರು. ಆದರೆ ಪರೀಕ್ಷೆ? ಆಸ್ಪತ್ರೆಯ ಕೌಂಟರಾದರೆ ಇವತ್ತು ಕೆಟ್ಟರೆ ನಾಳೆ ತಿದ್ದಬಹುದು. ಇಲ್ಲಿ ಯಾರನ್ನು ಹತ್ತಿಸಿ ನೋಡುವುದು? ಆಗಿಹೋದವರನ್ನು ಹತ್ತಿಸಿ ಪ್ರಯೋಜನವಿಲ್ಲ. ಉಳಿದವರನ್ನು ಹತ್ತಿಸಿ, ಕಟ್ಟೆ ಎತ್ತದೆ ಹೋದರೆ, ಅವರ ಒಂದೇ ಒಂದು ಸಲವೂ ಅಷ್ಟಕ್ಕೇ ಮುಗಿದುಹೋದರೆ? ಊರಲ್ಲಿ ವಿಚಾರಿಸಿದೆವು. ಯಾರೂ ಮುಂದೆ ಬರಲಿಲ್ಲ. "ನಿಮ್ಮ ಆಟಕ್ಕೆ ನಮ್ಮ ಪಾಲು ಬೇಕಾ?" ಎಂದು ಒಬ್ಬರು ನನ್ನ ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಯಾಮಿನಿ ಮಂಕಾಗಿ ಕೂತಳು. ತನ್ನನ್ನೇ ಎತ್ತುವುದಿದ್ದರೆ ತಾನೇ ಹತ್ತುತ್ತಿದ್ದೆ ಅಂದಳು.

ಆಗ ನಮ್ಮತ್ತೆ ಬುತ್ತಿ ತಂದರು. ನಾನು ಬೆಳಗ್ಗೆ ಜಗಳವಾಡಿ ತಿಂಡಿ ಬಿಟ್ಟು ಬಂದಿದ್ದೆ, ಅದಕ್ಕೆ. ಬಾಗಿಲಲ್ಲೇ ನಿಂತು ಮಾತೆಲ್ಲ ಕೇಳಿಸಿಕೊಂಡರು. "ನಂದೈತಲ್ಲ. ನಾನು ಹೋಯ್ತೀನಿ" ಅಂದರು, ಬುತ್ತಿಯನ್ನು ಮೇಜಿನ ಮೇಲಿಟ್ಟು.

"ಅತ್ತೆ, ತಲೆ ನೆಟ್ಟಗಿದೆಯಾ? ಎತ್ತದೇ ಹೋದ್ರೆ ಏನ್ ಮಾಡ್ತೀರಿ? ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದು ಹಾಳಾದ್ರೆ?" ನನ್ನ ದನಿ ಶಾಲೆಗೆಲ್ಲ ಕೇಳಿಸಿರಬೇಕು. ಪಕ್ಕದ ಕ್ಲಾಸಿನಲ್ಲಿ ಮಗ್ಗಿ ನಿಂತಿತು.

"ಹಾಳಾದ್ರೆ ಹಾಳಾಗ್ಲಿ ಬಿಡು. ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ಲಾ?"

ನಾನು ಇನ್ನೇನೋ ಅನ್ನುವಷ್ಟರಲ್ಲಿ ಯಾಮಿನಿ ಎದ್ದು ಬಂದು ಅತ್ತೆಯ ಕೈ ಹಿಡಿದುಕೊಂಡಳು. "ಅಜ್ಜಿ, ನಿಮಗೆ ಯಾವ ಕಡೆ ನೋಡಬೇಕು?"

ಅತ್ತೆ ಬೆಂಚಿನ ಮೇಲೆ ಕೂತರು. ಯಾಮಿನಿಯ ಮುಖವನ್ನೇ ನೋಡಿದರು. "ಹತ್ತು ಹತ್ತು ಅಂತ ಎಲ್ರೂ ಅಂದ್ರು. ಯಾವ ಕಡೆ ಅಂತ ಒಬ್ರೂ ಕೇಳಿರ್ನಿಲ್ಲ ಕಣವ್ವ" ಅಂದರು. ಆಮೇಲೆ ಸೆರಗು ಸರಿಮಾಡಿಕೊಂಡು, "ನಮ್ಮನೆ ಕಡೆ. ಮದುವೆಯಾಗಿ ಬಂದಾಗಿಂದ ಆ ಮನೆ ಒಳಗಿಂದ್ಲೇ ನೋಡಿದೀನಿ. ಹೆಂಗೈತೆ ಅಂತ ಒಂದ್ ಸಲ ಮೇಲಿಂದ ನೋಡಬೇಕು."

ಸಮುದ್ರವಲ್ಲ, ಬೆಟ್ಟವಲ್ಲ, ತವರೂರಿನ ದಾರಿಯೂ ಅಲ್ಲ. ನಮ್ಮ ಮನೆ! ಪ್ರತಿ ಬೇಸಿಗೆಗೂ ಹೆಂಚು ಕೈಯಾಡಿಸಬೇಕಾದ, ಹಿತ್ತಲ ಬಾಗಿಲು ಕಿರುಗುಟ್ಟುವ ಮನೆ.

ಮನೆ ಇರುವುದು ಕಟ್ಟೆಯ ಉತ್ತರಕ್ಕೆ; ಹಾಗಾಗಿ ದಕ್ಷಿಣದಿಂದ ಹತ್ತಬೇಕು. ಗುರುವಾರ ಮುದ್ದಯ್ಯ ತಾವಾಗಿಯೇ ಸೈಕಲ್ ತೆಗೆದು ಬೇರೆ ಕಡೆ ನಿಲ್ಲಿಸಿದರು. ಶಾಮಿಯಾನದ ಅಂಗಡಿಯಿಂದ ಮದುವೆ ವೇದಿಕೆಯ ಮರದ ಮೆಟ್ಟಿಲು ತಂದು ಒರಗಿಸಿ, ಪಕ್ಕಕ್ಕೆ ಹಿಡಿದುಕೊಳ್ಳಲು ಬಿದಿರು ಕಟ್ಟಿದೆವು. ನಾನು ಹಳೇ ಸೀರೆಯಲ್ಲಿ ಲಾಡಿ ಲಂಗ ಹೊಲಿದೆ. ಶಾಲೆಯ ಅಂಗಳದಲ್ಲಿ ಮೇಷ್ಟ್ರು ಸೀಮೆಸುಣ್ಣದಲ್ಲಿ ಕಟ್ಟೆಯಷ್ಟೇ ದೊಡ್ಡ ಚೌಕ ಬರೆದು, ಅತ್ತೆಯಿಂದ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರು. "ಈ ವಯಸ್ಸಲ್ಲಿ ಕುಂಟೆಬಿಲ್ಲೆ ಆಡಿಸ್ತೀಯಲ್ಲೋ ಮೇಷ್ಟ್ರೇ" ಎಂದು ಬೈಯುತ್ತಲೇ, ಒಂದು ಸಲವೂ ಗೆರೆ ತುಳಿಯದೆ ಕಾಲಿಟ್ಟರು. ಲಾಡಿ ಬಿಗಿ ಅಂದರು, ಸಡಿಲ ಮಾಡಿದೆ. ಬಿದಿರು ತಗ್ಗು ಅಂದರು, ಎತ್ತರ ಮಾಡಿದೆವು. ಅತ್ತೆಯ ಒಂದೊಂದು ತಕರಾರಿಗೂ ಯಾಮಿನಿ ಖುಷಿಪಟ್ಟು ಚೀಟಿ ಬರೆದುಕೊಂಡಳು. ಅವರ ತಕರಾರು ಕೇಳಿ ಖುಷಿಪಟ್ಟವರನ್ನು ನಾನು ಕಂಡದ್ದು ಅದೇ ಮೊದಲು, ಅದೇ ಕೊನೆ.

ಶುಕ್ರವಾರ ಬೆಳಗ್ಗೆ ಅವರಿಗೆ ತಲೆ ಬಾಚಿ, ಲಂಗ ಉಡಿಸಿ, ನಾನೂ ಚಪ್ಪಲಿ ಮೆಟ್ಟಿದೆ. ಅತ್ತೆ ತಡೆದರು. "ನೀನು ಬರಬ್ಯಾಡ."

"ಅಂದ್ರೆ?"

"ನೀನು ಹಿತ್ತಲಾಗೆ ಇರು. ದಿನಾ ಮಾಡೋ ಹಂಗೆ ಕೆಲಸ ಮಾಡ್ತಿರು. ಖಾಲಿ ಮನೆ ನೋಡಕ್ಕಾ ನಾನು ಅಷ್ಟು ಮೇಲೆ ಹೋಗೋದು?"

ನನಗೆ ಸಿಟ್ಟು ನೆತ್ತಿಗೇರಿತು. ವಾರಪೂರ್ತಿ ಒದ್ದಾಡಿದವಳು ನಾನು, ಲಂಗ ಹೊಲಿದವಳು ನಾನು, ಕೈ ಹಿಡಿದು ಹತ್ತಿಸುವ ಹೊತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯಬೇಕೆ? ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಯಾಮಿನಿ ನನ್ನ ಭುಜ ಒತ್ತಿದಳು. ಮೇಷ್ಟ್ರು ಒಂದು ಕೈ, ಮುದ್ದಯ್ಯ ಒಂದು ಕೈ ಹಿಡಿದು ಅತ್ತೆಯನ್ನು ಮೆಲ್ಲಗೆ ನಡೆಸಿಕೊಂಡು ಹೋದರು. ನಾನು ಬಕೆಟ್ಟಿಗೆ ನೀರು ತುಂಬಿಸಿ ಒಗೆಯುವ ಕಲ್ಲಿನ ಮುಂದೆ ಕುಕ್ಕರಿಸಿದೆ.

ಕೂಗಬಾರದು, ಕರೆಯಬಾರದು, ಫೋಟೋ ತೆಗೆಯಬಾರದು ಎಂದು ಊರಿಗೆಲ್ಲ ಹೇಳಿಸಿದ್ದೆವು. ಹೇಳಿದರೆ ಕೇಳುವ ಜನವೇ ನಮ್ಮವರು? ಆದರೆ ಅವತ್ತು ಕೇಳಿದರು. ಬಸ್ ಸ್ಟ್ಯಾಂಡಿನ ಕಡೆಯ ಗಲಾಟೆಯೆಲ್ಲ ನಿಂತಿತು. ಯಾರದೋ ಕುಕ್ಕರ್ ಸೀಟಿ ಒಂದು ಸಲ ಕೂಗಿ ಸುಮ್ಮನಾಯಿತು. ನಾನು ಸೋಪು ಹಚ್ಚಿದೆ, ಉಜ್ಜಿದೆ, ಮತ್ತೆ ಅದೇ ಬಟ್ಟೆಗೆ ಸೋಪು ಹಚ್ಚಿದೆ. ಇಷ್ಟು ಹೊತ್ತಿಗೆ ಆಗಬೇಕಿತ್ತು. ಎತ್ತಲಿಲ್ಲವೇನೋ. ಬರೀ ಕಲ್ಲಿನ ಮೇಲೆ ನಿಂತಿದ್ದಾರೇನೋ, ಎಲ್ಲರೆದುರು, ಆ ಮುದುಕಿ, ಕೈಯಲ್ಲಿ ಬಿದಿರು ಹಿಡಿದುಕೊಂಡು. ದೇವರೇ, ನಾನೇ ತಡೆಯಬೇಕಿತ್ತು ಎಂದು ಕಣ್ಣಲ್ಲಿ ನೀರು ಬಂತು.

ಏನೋ ಅನ್ನಿಸಿ ತಲೆ ಎತ್ತಿದೆ. ನುಗ್ಗೆ ಮರದ ಮೇಲೆ, ಹೆಂಚಿನ ಸಾಲುಗಳ ಆಚೆ, ಮೊದಲು ಬಿಳಿ ಕೂದಲು ಕಂಡಿತು. ಆಮೇಲೆ ಹಣೆ, ಆಮೇಲೆ ಮೂಗುಬೊಟ್ಟಿನ ಮಿಂಚು. ನಮ್ಮತ್ತೆ ಏರುತ್ತಿದ್ದರು, ನನ್ನ ಕಡೆಗೇ ಮುಖ ಮಾಡಿಕೊಂಡು! ನಮ್ಮೂರ ಲೆಕ್ಕವಿಲ್ಲದಷ್ಟು ಜನ ಏರಿದ್ದಾರೆ. ಎಲ್ಲರನ್ನೂ ನಾವು ಕೆಳಗಿಂದ, ಅಂಗಾಲಿನ ಕಡೆಯಿಂದ ನೋಡಿದವರು. ಏರುವವರ ಮುಖವನ್ನು ಯಾರೂ ಕಂಡಿರಲಿಲ್ಲ. ನಾನು ಕಂಡೆ. ಕಾಲ ಕೆಳಗೆ ಏನೂ ಇಲ್ಲ, ಸುತ್ತ ಬರೀ ಬೆಳಗಿನ ಬಿಸಿಲು, ಅದರ ನಡುವೆ ಒಂದು ಮುದಿ ಜೀವ ನೆಟ್ಟಗೆ ನಿಂತಿದೆ. ಲಂಗ ಒಂದಿಷ್ಟೂ ಉಬ್ಬಿಲ್ಲ. ಕೈ ಎರಡೂ ಬಿಡುಬೀಸಾಗಿವೆ. ಭಯವೆಂಬುದು ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ನಾನು ಹದಿನೆಂಟರಲ್ಲಿ ಕಳೆದುಕೊಂಡದ್ದು ಏನು ಎಂದು ಅವತ್ತು ನನಗೆ ಗೊತ್ತಾಯಿತು, ಮತ್ತು ಆಶ್ಚರ್ಯ ನೋಡಿ, ಹೊಟ್ಟೆ ಉರಿಯಲಿಲ್ಲ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತೆ. ನೀರು ತೊಟ್ಟಿಕ್ಕಿ ಕಾಲೆಲ್ಲ ನೆನೆಯಿತು. ಅವರು ನೋಡಿದರು, ನಾನು ನೋಡಿದೆ. ಹಾಲು ಉಕ್ಕುವಷ್ಟು ಹೊತ್ತು.

ಈಗ ಕಟ್ಟೆಗೆ ನಾಲ್ಕೂ ಕಡೆ ಮೆಟ್ಟಿಲಿದೆ. ಏರುವವರು ಯಾವ ಕಡೆ ನೋಡಬೇಕೆಂದು ಮುದ್ದಯ್ಯನಿಗೆ ಮೊದಲೇ ಹೇಳುತ್ತಾರೆ, ಅವರು ಕೇಳದೆ ಯಾರನ್ನೂ ಬಿಡುವುದೂ ಇಲ್ಲ. ಹೊಲದ ಕಡೆ ಅನ್ನುವವರಿದ್ದಾರೆ, ಕೆರೆಯ ಕಡೆ ಅನ್ನುವವರಿದ್ದಾರೆ. ಹೆಚ್ಚಿನವರು ಯಾರದೋ ಮನೆಯ ಕಡೆ ಅನ್ನುತ್ತಾರೆ. ಅಂಥ ದಿನ ಆ ಮನೆಯವರು ಕೆಲಸಕ್ಕೆ ರಜೆ ಹಾಕಿ ಹಿತ್ತಲಲ್ಲಿ ಕಾಯುತ್ತಾರೆ. ಯಾಮಿನಿ ಹೋಗುವಾಗ ಆ ಟಾಕೀಸಿನ ಗೋಡೆಯ ಚಿತ್ರಗಳನ್ನೆಲ್ಲ ಸುರುಳಿ ಸುತ್ತಿಕೊಂಡು ಹೋದಳು. ಬಸ್ಸು ಹತ್ತುವ ಮುಂಚೆ ಮತ್ತೊಂದು ಸಲ ಕಟ್ಟೆ ಹತ್ತಿ ನಿಂತು ನೋಡಿದಳು, ಹುಚ್ಚು ಹುಡುಗಿ.

ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಅತ್ತೆ ಮನೆಗೆ ಬಂದವರೇ ಜಗುಲಿ ಹಿಡಿದರು. ಸಂಜೆಯ ತನಕ ಅಲ್ಲೇ ಕೂತು ನಾನು ಓಡಾಡುವುದನ್ನೇ ನೋಡುತ್ತಿದ್ದರು. ಕೊನೆಗೆ ಟೀ ಕೊಡುವಾಗ ತಡೆಯಲಾರದೆ ಕೇಳಿದೆ. "ಏನ್ ಕಂಡ್ರಿ ಅತ್ತೆ? ಅದನ್ನಾದ್ರೂ ಹೇಳಿ."

"ಹೆಂಚು ಒಡೆದೈತೆ, ಮೂಲೇಲಿ" ಅಂದರು. ಒಂದು ಗುಟುಕು ಕುಡಿದರು. "ನೀನು ಕಂಡೆ. ಇಷ್ಟೇ ಇಷ್ಟು" ಎಂದು ಬೆರಳ ತುದಿ ತೋರಿಸಿದರು. "ಎಷ್ಟು ಸಣ್ಣಕ್ಕೆ ಕಂಡೆ ಗೊತ್ತಾ ನೀನು? ಅಷ್ಟು ದೊಡ್ಡ ಊರಲ್ಲಿ, ಒಬ್ಬಳೇ, ಒದ್ದೆ ಬಟ್ಟೆ ಹಿಡ್ಕೊಂಡು. ಅಯ್ಯೋ ಶಿವನೇ, ಇಷ್ಟು ಸಣ್ಣ ಮಗೀನ ಜೊತೆಗಾ ನಾನು ಇಷ್ಟು ವರ್ಷ ಜಗಳ ಕಾದಿದ್ದು ಅನ್ನಿಸ್ತು."

ನಾನು ಟೀ ಲೋಟ ಅಲ್ಲೇ ಇಟ್ಟು ಒಳಗೆ ಹೋಗಿ, ಹೊಲಿಗೆ ಮಿಷನ್ನಿನ ಮುಂದೆ ಕೂತು, ಅದನ್ನು ತುಳಿಯದೆ, ಅತ್ತುಬಿಟ್ಟೆ.